ಐದನೇ ನಂಬರಿನ ನೆಟ್‌ವರ್ಕ್ ಕಾರ್ಡು ಸಂಪರ್ಕಕ್ಕೆ ಬಾರದಿರುವ ಬಗ್ಗೆ

ಕಾರ್ಡು ಕೆಟ್ಟಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಕೆಟ್ಟಿಲ್ಲ ಎಂದು ಬರೆದರೆ, ಹಾಗಾದರೆ ಕೆಟ್ಟಿರುವುದು ಏನು ಎಂದು ಮುಂದಿನ ಸಾಲಿನಲ್ಲಿ ಹೇಳಬೇಕಾಗುತ್ತದೆ. ಈ ಎರಡರ ನಡುವೆ ಕಚೇರಿಯ ಭಾಷೆಯಲ್ಲಿ ಕಾಲು ಚಾಚುವಷ್ಟಾದರೂ ಜಾಗ ಇರಲೇಬೇಕಲ್ಲ ಎಂದುಕೊಂಡು ಕಿಟಕಿ ಪಕ್ಕದ ಸಹಾಯಕರು ಮುಕ್ಕಾಲು ಗಂಟೆಯಿಂದ ಖಾಲಿ ಹಾಳೆಯ ಮುಂದೆ ಕೂತಿದ್ದರು. ಕೊನೆಗೆ ಜಾಗ ಸಿಕ್ಕಿತು. ‘ಸಂಪರ್ಕಕ್ಕೆ ಬಾರದಿರುವುದು ಗಮನಕ್ಕೆ ಬಂದಿರುತ್ತದೆ.’ ಯಾರ ಗಮನಕ್ಕೆ, ಯಾವಾಗ, ಯಾಕೆ ಎಂದು ಆ ವಾಕ್ಯ ಕೇಳುವುದಿಲ್ಲ. ಅಷ್ಟು ಸಭ್ಯ ವಾಕ್ಯ. ಅಲ್ಲಿಂದ ಮುಂದೆ ಸುತ್ತೋಲೆ ತನ್ನಷ್ಟಕ್ಕೆ ತಾನೇ ಹರಿಯಿತು.

ಸಂಖ್ಯೆ: ನನಶಾ/ನೆಕಾ/5/5/ಭಾಗ-2
ದಿನಾಂಕ: (ಸಹಿಯಾದ ದಿನ ತುಂಬುವುದು)

ಸುತ್ತೋಲೆ

ವಿಷಯ: ನಕ್ಷೆ ನಕಲು ಶಾಖೆ, ಕೊಠಡಿ ಸಂಖ್ಯೆ 11ರ ಎರಡು ಕಂಪ್ಯೂಟರುಗಳ ಪೈಕಿ ಒಂದರ ನೆಟ್‌ವರ್ಕ್ ಕಾರ್ಡು ಸಂಪರ್ಕಕ್ಕೆ ಬಾರದಿರುವುದು, ಆ ಒಂದು ಯಾವುದು ಎಂಬುದು ದಿನದಿಂದ ದಿನಕ್ಕೆ ಬದಲಾಗುತ್ತಿರುವುದು, ಕೈಗೊಳ್ಳಬೇಕಾದ ಕ್ರಮಗಳು.

ಉಲ್ಲೇಖ:
(1) ಕೊಠಡಿ 11ರಿಂದ ಬಂದ ಮೌಖಿಕ ದೂರು.
(2) ಅದೇ ದೂರು, ಇನ್ನೂ ಸ್ವಲ್ಪ ಜೋರಾಗಿ.
(3) ರಿಪೇರಿಯವರ ವರದಿ, ಎರಡು ಸಾಲು.
(4) ಬಾಗಿಲ ಪಕ್ಕದ ಸಹಾಯಕರ ಶ್ರೀಮತಿಯವರ ದೂರವಾಣಿ ಕರೆ (ಅಧಿಕೃತವಲ್ಲ, ಆದರೂ ಎಲ್ಲರಿಗೂ ಕೇಳಿಸಿದೆ).

ಪ್ರಸ್ತಾವನೆ:

ಕಚೇರಿಗೆ ನೆಟ್‌ವರ್ಕ್ ಬಂದಾಗ ಪ್ರತಿ ಕಂಪ್ಯೂಟರಿಗೂ ಒಂದು ನಂಬರು ಬೇಕು ಎಂದು ತಂತಿ ಎಳೆದವರು ತಿಳಿಸಿದ್ದರು. ಯಾವ ನಂಬರಾದರೂ ಆದೀತು, ಎರಡಕ್ಕೆ ಒಂದೇ ಆಗಬಾರದು ಅಷ್ಟೇ ಎಂದೂ ತಿಳಿಸಿದ್ದರು. ಯಾವ ನಂಬರಾದರೂ ಆದೀತು ಎಂಬ ಮಾತು ಶಿಸ್ತಿಗೆ ಧಕ್ಕೆ ತರುವಂಥದ್ದೆಂದು ಪರಿಗಣಿಸಿ, ನಂಬರುಗಳನ್ನು ಸೇವಾ ಹಿರಿತನದ ಪಟ್ಟಿಯ ಪ್ರಕಾರ ಹಂಚಲಾಯಿತು. ನಿರ್ದೇಶಕರಿಗೆ ಒಂದು, ಉಪನಿರ್ದೇಶಕರಿಗೆ ಎರಡು, ಲೆಕ್ಕಾಧಿಕಾರಿಗಳಿಗೆ ಮೂರು, ಅಧೀಕ್ಷಕರಿಗೆ ನಾಲ್ಕು. ನಿರ್ದೇಶಕರ ಕೊಠಡಿಯಲ್ಲಿ ಕಂಪ್ಯೂಟರು ಇಲ್ಲದಿದ್ದರೂ ಒಂದನೇ ನಂಬರನ್ನು ಅವರ ಗೌರವಾರ್ಥ ಖಾಲಿ ಇಡಲಾಗಿದೆ.

ಪಟ್ಟಿಯ ಐದನೇ ಸಾಲಿನಲ್ಲಿ ಇಬ್ಬರಿದ್ದಾರೆ: ಕಿಟಕಿ ಪಕ್ಕದ ಸಹಾಯಕರು ಮತ್ತು ಬಾಗಿಲ ಪಕ್ಕದ ಸಹಾಯಕರು. ಇಬ್ಬರೂ ಇಪ್ಪತ್ತೊಂದು ವರ್ಷದ ಹಿಂದೆ ಒಂದೇ ದಿನ ಬೆಳಿಗ್ಗೆ ಕೆಲಸಕ್ಕೆ ಸೇರಿದವರು. ಪರೀಕ್ಷೆಯ ಅಂಕ ಒಂದೇ. ಇಂಥಲ್ಲಿ ವಯಸ್ಸು ನೋಡುವುದು ವಾಡಿಕೆ. ಆದರೆ ಬೇರೆ ಬೇರೆ ಶಾಲೆಗಳ ಮೇಷ್ಟ್ರುಗಳು ಇಬ್ಬರಿಗೂ ಒಂದೇ ಹುಟ್ಟಿದ ದಿನ ಬರೆದುಬಿಟ್ಟಿದ್ದಾರೆ. ಉಳಿದಿರುವುದು, ಆ ಬೆಳಿಗ್ಗೆ ಕಚೇರಿಗೆ ಮೊದಲು ಬಂದು ಹಾಜರಾದವರು ಯಾರು ಎಂಬುದೊಂದೇ. ಅದು ತೀರ್ಮಾನವಾಗಿಲ್ಲ. ಇಷ್ಟು ವರ್ಷ ತೀರ್ಮಾನವಾಗಬೇಕಾದ ಗರಜೂ ಬಿದ್ದಿರಲಿಲ್ಲ. ಈಗ ಅಧೀಕ್ಷಕರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದು, ಅವರ ಕುರ್ಚಿ ಪಟ್ಟಿಯಲ್ಲಿ ಮೇಲಿರುವವರಿಗೆ ಸಲ್ಲತಕ್ಕದ್ದು. ಒಬ್ಬರು ಕೂತರೆ ಇನ್ನೊಬ್ಬರು ಕಾಯುವಂತೆಯೂ ಇಲ್ಲ. ಹುಟ್ಟಿದ ದಿನ ಒಂದೇ ಆದ್ದರಿಂದ ಇಬ್ಬರೂ ಒಂದೇ ಸಂಜೆ ನಿವೃತ್ತರಾಗುತ್ತಾರೆ.

ಹೀಗಿರುವಲ್ಲಿ ಇಬ್ಬರೂ ತಮ್ಮ ತಮ್ಮ ಕಂಪ್ಯೂಟರಿಗೆ ಐದನ್ನೇ ಹಾಕಿಕೊಂಡರು. ಆರು ಖಾಲಿ ಉಳಿಯಿತು. ಒಂದೇ ನಂಬರಿನ ಎರಡು ಕಾರ್ಡುಗಳಲ್ಲಿ ಬೆಳಿಗ್ಗೆ ಮೊದಲು ಚಾಲೂ ಆದದ್ದಕ್ಕೆ ಸಂಪರ್ಕ ಸಿಗುತ್ತದೆ. ಎರಡನೆಯದು, ಆ ನಂಬರು ಈಗಾಗಲೇ ಬಳಕೆಯಲ್ಲಿದೆ ಎಂದು ಪರದೆಯ ಮೂಲೆಯಲ್ಲಿ ಒಂದು ಸಾಲು ತೋರಿಸಿ ಸುಮ್ಮನಾಗುತ್ತದೆ.

ಈ ಎರಡು ಕಾರ್ಡುಗಳ ಒಡೆಯರು ಭಾವ, ಭಾವಮೈದ ಎಂಬುದನ್ನೂ ದಾಖಲಿಸುವುದು ಸೂಕ್ತ. ಕೆಲಸಕ್ಕೆ ಸೇರಿದ ಮೂರನೇ ವರ್ಷ ಬಾಗಿಲ ಪಕ್ಕದವರು ಕಿಟಕಿ ಪಕ್ಕದವರ ಅಕ್ಕನನ್ನು ಮದುವೆಯಾದರು. ಅಲ್ಲಿಯವರೆಗೆ ಹೋಗೋ ಬಾರೋ ಎನ್ನುತ್ತಿದ್ದ ಕಿಟಕಿ ಪಕ್ಕದವರು ಅಂದಿನಿಂದ “ಬನ್ನಿ ಭಾವ” ಎನ್ನತೊಡಗಿದರು. ಬಾಗಿಲ ಪಕ್ಕದವರು ಮಾತ್ರ ಏಕವಚನದಲ್ಲೇ ಮುಂದುವರಿದರು. ಇದನ್ನು ಹಿರಿತನದ ಪುರಾವೆಯಾಗಿ ಪರಿಗಣಿಸಬೇಕೆಂಬ ವಾದವನ್ನು ಪರಿಶೀಲಿಸಿ ಕೈಬಿಡಲಾಗಿದೆ.

ಈ ಸುತ್ತೋಲೆಯ ಕರಡು ಬರೆಯುವ ಕೆಲಸವನ್ನು, ಶಾಖೆಯಲ್ಲಿ ಶುರು ಮಾಡಿದ ವಾಕ್ಯವನ್ನು ಮುಗಿಸಬಲ್ಲವರು ಬೇರೆ ಯಾರೂ ಇಲ್ಲವಾದ ಕಾರಣ, ಸದರಿ ಕಿಟಕಿ ಪಕ್ಕದ ಸಹಾಯಕರಿಗೇ ವಹಿಸಲಾಗಿದೆ. ಮುಂದೆ ಕಾಣಿಸಿದಂತೆ ನಡೆದುಕೊಳ್ಳತಕ್ಕದ್ದೆಂದು ಎಲ್ಲರ ಅವಗಾಹನೆಗೆ ತರಲಾಗಿದೆ.

1. ಸಂಪರ್ಕ ಬಾರದಿದ್ದಾಗ ಮೊದಲು ಕೇಬಲು ನೋಡತಕ್ಕದ್ದು. ಅದರ ತುದಿ ಕಾರ್ಡಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ನೋಡಲು ಮೇಜಿನ ಕೆಳಗೆ ಬಗ್ಗುವುದು ಅನಿವಾರ್ಯ. ಕಿರಿಯರು ಬಗ್ಗುವುದು, ಹಿರಿಯರು ನಿಂತುಕೊಂಡು ‘ಇನ್ನೂ ಸ್ವಲ್ಪ ಎಡಕ್ಕೆ’ ಎನ್ನುವುದು ರೂಢಿ. ಕೊಠಡಿ 11ರಲ್ಲಿ ಕಿರಿಯರು ಯಾರೆಂದು ತೀರ್ಮಾನವಾಗದ ಕಾರಣ ಇಬ್ಬರೂ ಒಟ್ಟಿಗೆ ಬಗ್ಗತಕ್ಕದ್ದು. ಕಳೆದ ಮಂಗಳವಾರ ಹೀಗೆ ಬಗ್ಗಿದಾಗ ಹಣೆಗೆ ಹಣೆ ತಾಗಿದ್ದು, ಎರಡೂ ಬುಗುಟುಗಳನ್ನು ಪ್ರಥಮ ಚಿಕಿತ್ಸೆಯ ವಹಿಯಲ್ಲಿ ಒಂದೇ ಕ್ರಮಸಂಖ್ಯೆಯಲ್ಲಿ ನಮೂದಿಸಲಾಗಿದೆ.

2. ಕಾರ್ಡಿನ ಹಿಂಬದಿ ಎರಡು ಸಣ್ಣ ದೀಪಗಳಿವೆ. ಹಸಿರು ಉರಿದರೆ ತಂತಿ ಸರಿಯಿದೆ. ಹಳದಿ ಮಿಣುಕಿದರೆ ಮಾಹಿತಿ ಓಡಾಡುತ್ತಿದೆ. ಎರಡೂ ಉರಿಯದಿದ್ದರೆ ಮಾತ್ರ ಕಾರ್ಡನ್ನು ಅನುಮಾನಿಸಬಹುದು. ದೀಪ ನೋಡಲು ಅನುಕೂಲವಾಗಲೆಂದು ಒಂದು ಕೈಗನ್ನಡಿ ಕೊಡಲಾಗಿತ್ತು. ಅದನ್ನು ಇನ್ನೊಬ್ಬರ ಪರದೆ ನೋಡಲು ಬಳಸುತ್ತಿರುವುದು ಕಂಡುಬಂದು ಹಿಂಪಡೆಯಲಾಗಿದೆ.

3. ಕಾರ್ಡನ್ನು ಹೊರತೆಗೆದು, ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು ರಿಪೇರಿಯವರೆಲ್ಲ ಒಪ್ಪುವ ಉಪಾಯ. ಉಗ್ರಾಣದಲ್ಲಿ ರಬ್ಬರು ಒಂದೇ ಇದ್ದುದರಿಂದ ಸ್ಕೇಲಿಟ್ಟು ಅಳೆದು ಎರಡು ಮಾಡಿ ಕೊಡಲಾಗಿದೆ. ಉಜ್ಜುವಾಗ ಉದುರುವ ಪುಡಿ ಇಲಾಖೆಯ ಸ್ವತ್ತು.

4. ದೂರು ಬಂದ ಕೂಡಲೇ ಕಾರ್ಡು ಬದಲಿಸತಕ್ಕದ್ದಲ್ಲ. ಈಗಾಗಲೇ ಎರಡು ಬಾರಿ ಬದಲಿಸಿದ್ದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿದೆ ಎಂದು ಲೆಕ್ಕಾಧಿಕಾರಿಗಳು ಟಿಪ್ಪಣಿ ಬರೆದಿದ್ದಾರೆ. ಎತ್ತು ಯಾರು, ಎಮ್ಮೆ ಯಾರು ಎಂದು ಸ್ಪಷ್ಟಪಡಿಸಲು ಅವರನ್ನು ಕೋರಲಾಗಿದೆ.

ಮೂರನೇ ಸಲ ಬಂದ ರಿಪೇರಿಯವರು ಮೂವತ್ತು ವರ್ಷ ರೇಡಿಯೋ ಬಿಚ್ಚಿ ಜೋಡಿಸಿದ ಹಿರಿಯರು. ಅವರು ಎರಡೂ ಪರದೆಗಳನ್ನು ನೋಡಿ, ತಂದಿದ್ದ ಹೊಸ ಕಾರ್ಡನ್ನು ಡಬ್ಬದಿಂದ ತೆಗೆಯದೆಯೇ ಹೇಳಿದ್ದು ಹೀಗಿದೆ: “ಕಾರ್ಡಿಗೇನೂ ಆಗಿಲ್ಲ ಸ್ವಾಮಿ, ಗುಂಡುಕಲ್ಲಿನ ಹಾಗಿದೆ. ನೀವಿಬ್ರೂ ಒಂದೇ ನಂಬರ್ ಹಾಕ್ಕೊಂಡು ಕೂತಿದೀರ. ಒಬ್ರು ಆರು ಮಾಡ್ಕೊಳ್ಳಿ, ಎರಡು ನಿಮಿಷದ ಕೆಲಸ.”

ಇಬ್ಬರೂ ತಮ್ಮ ತಮ್ಮ ಪರದೆಯ ಕಡೆ ತಿರುಗಿದರು.

“ಮಷೀನಿಗೆ ಐದೂ ಒಂದೇ, ಆರೂ ಒಂದೇ” ಎಂದು ರಿಪೇರಿಯವರು ಮತ್ತೆ ಹೇಳಿದರು.

“ಮಷೀನಿಗೆ” ಎಂದರು ಬಾಗಿಲ ಪಕ್ಕದ ಸಹಾಯಕರು.

ಕಿಟಕಿ ಪಕ್ಕದ ಸಹಾಯಕರು ಕಿಟಕಿಯ ಹೊರಗೆ ನೋಡಿದರು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲವೆಂದು ಸ್ಥಳ ಪರಿಶೀಲನೆಯಿಂದ ದೃಢಪಟ್ಟಿದೆ.

5. ಹಾವೂ ಸಾಯದೆ ಕೋಲೂ ಮುರಿಯದೆ ಈ ವಿಷಯ ಇತ್ಯರ್ಥವಾಗಲೆಂದು ಬಂದ ಸಲಹೆಗಳನ್ನು ಕೂಲಂಕಷವಾಗಿ ನೋಡಲಾಗಿದೆ. ಒಬ್ಬರಿಗೆ ಐದು, ಇನ್ನೊಬ್ಬರಿಗೆ ಐದೂವರೆ ಎಂಬ ಸಲಹೆಯನ್ನು ಕಂಪ್ಯೂಟರು ಒಪ್ಪಲಿಲ್ಲ. ಅರ್ಧ ನಂಬರುಗಳಿಗೆ ಅವಕಾಶ ಮಾಡಿಕೊಡುವಂತೆ ಕಾರ್ಡು ತಯಾರಕರಿಗೆ ಪತ್ರ ಬರೆಯಲಾಗಿದ್ದು ಉತ್ತರ ಎದುರುನೋಡಲಾಗುತ್ತಿದೆ. ಒಬ್ಬರಿಗೆ ಐವತ್ತು ಕೊಡಬಹುದೆಂಬ ಸಲಹೆಯೂ ಬಿದ್ದುಹೋಗಿದೆ. ಕಚೇರಿಯಲ್ಲಿ ಮಂಜೂರಾದ ಹುದ್ದೆಗಳು ಇಪ್ಪತ್ತಮೂರು. ಐವತ್ತನೇ ನಂಬರು ಪಡೆದವರು, ಹುದ್ದೆಯೇ ಮಂಜೂರಾಗದ ಇಪ್ಪತ್ತಾರು ಮಂದಿಗಿಂತ ಕಿರಿಯರಾಗಬೇಕಾಗುತ್ತದೆ. ಸೊನ್ನೆಯ ಪ್ರಸ್ತಾಪಕ್ಕೆ ಇಬ್ಬರೂ ಮುಖ ಗಂಟಿಕ್ಕಿದರು. ಸೊನ್ನೆ ತಮ್ಮ ಒಂದಕ್ಕಿಂತ ಮೊದಲು ಬರುತ್ತದೆ ಎಂದು ನಿರ್ದೇಶಕರೂ ಆಕ್ಷೇಪಿಸಿದರು.

6. ಮೊದಲು ಚಾಲೂ ಮಾಡಿದವರಿಗೆ ಸಂಪರ್ಕ ಎಂಬುದು ತಿಳಿದ ಮೇಲೆ ಕೊಠಡಿ 11ರ ಹಾಜರಾತಿ ಗಣನೀಯವಾಗಿ ಸುಧಾರಿಸಿದೆ. ಹತ್ತಕ್ಕೆ ಬರುತ್ತಿದ್ದವರು ಒಂಬತ್ತೂವರೆಗೆ, ಒಂಬತ್ತಕ್ಕೆ, ಎಂಟಕ್ಕೆ ಬರತೊಡಗಿ, ಈ ವಾರ ಆರೂ ಮುಕ್ಕಾಲಿಗೆ ಬಂದು ಮುಟ್ಟಿದ್ದಾರೆ. ಇಬ್ಬರ ಮನೆಯೂ ಒಂದೇ ಬೀದಿಯಲ್ಲಿ, ನಡುವೆ ಮೂರೇ ಮನೆ. ಒಬ್ಬರ ಬಚ್ಚಲ ದೀಪ ಹತ್ತಿದರೆ ಇನ್ನೊಬ್ಬರು ಅರ್ಧ ಕುಡಿದ ಚಹಾ ಬಿಟ್ಟು ಚಪ್ಪಲಿ ಮೆಟ್ಟುತ್ತಾರೆ. ಬೀದಿಯ ಆಚೆ ಬದಿಯಲ್ಲಿ ಒಬ್ಬರು, ಈಚೆ ಬದಿಯಲ್ಲಿ ಒಬ್ಬರು, ಒಬ್ಬರನ್ನೊಬ್ಬರು ನೋಡದೆ, ಒಂದೇ ವೇಗದಲ್ಲಿ ಬರುತ್ತಾರೆ. ಓಡತಕ್ಕದ್ದಲ್ಲ. ಬಿರುಸಾಗಿ ನಡೆಯುವುದು ಎಲ್ಲಿ ಮುಗಿದು ಓಡುವುದು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಕಾವಲುಗಾರರು ತೀರ್ಮಾನಿಸತಕ್ಕದ್ದು. ಸದರಿ ಕಾವಲುಗಾರರು ಗೇಟಿನಲ್ಲಿ ವ್ಯಕ್ತಪಡಿಸಿದ ಅಭಿಪ್ರಾಯ: “ನಿಮ್ಮಿಬ್ರ ದೆಸೆಯಿಂದ ನನ್ನ ನಿದ್ದೆ ಹಾಳಾಯ್ತು. ಒಂದು ಕೆಲಸ ಮಾಡಿ. ಒಬ್ರು ಬೀಗ ಇಟ್ಕೊಳ್ಳಿ, ಇನ್ನೊಬ್ರು ಕೀ ಇಟ್ಕೊಳ್ಳಿ. ಆಮೇಲೆ ಒಟ್ಟಿಗೇ ಬರ್ತೀರ.”

7. ಅಂದಿನ ದಿನ ಸಂಪರ್ಕ ಸಿಗದವರು ಸಂಪರ್ಕ ಇರುವವರಂತೆಯೇ ಕೂರತಕ್ಕದ್ದು. ಬೆರಳು ಕೀಲಿಗಳ ಮೇಲಿರಬೇಕು. ನಿಟ್ಟುಸಿರು ಬಿಡುವುದಿದ್ದರೆ ಕಾರಿಡಾರಿನಲ್ಲಿ.

8. ಮನೆಯ ವ್ಯವಹಾರ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಉಲ್ಲೇಖ (4)ರ ಕರೆ ಕಚೇರಿಯ ಫೋನಿಗೇ ಬಂದುದರಿಂದ ಸಂಬಂಧಪಟ್ಟ ಭಾಗವನ್ನು ಇಲ್ಲಿ ಕಾಣಿಸಲಾಗಿದೆ. ಫೋನು ಕಿಟಕಿ ಪಕ್ಕದವರ ಮೇಜಿನ ಮೇಲಿದ್ದು ಅವರೇ ಎತ್ತಿದರು.

“ಏನೋ ಇದು? ಭಾನುವಾರ ಊಟಕ್ಕೆ ಬಾ ಅಂದ್ರೆ ಬರ್ಲಿಲ್ಲ. ಇವರು ಅರ್ಧ ಊಟದಲ್ಲಿ ಎದ್ರು. ನೀನು ನನ್ನ ತಮ್ಮ, ಇವರು ನನ್ನ ಗಂಡ. ನಾನು ಯಾರ ಕಡೆ ಅಂತ ಇಬ್ರೂ ಕೇಳ್ಬೇಡಿ. ನನಗೆ ನಿಮ್ಮಿಬ್ರ ಮೇಲೂ ಒಂದೇ ಸಮ ಸಿಟ್ಟು ಬಂದಿದೆ. ಅದರಲ್ಲೂ ಹಿರಿಯ ಕಿರಿಯ ಹುಡುಕ್ಬೇಡಿ.”

“ಇಲ್ಲ ಅಕ್ಕ.”

“ಏನು ಇಲ್ಲ? ಆವತ್ತು ಯಾರು ಮೊದಲು ಬಂದ್ರಿ ಅನ್ನೋದು ನಿಮ್ಮಿಬ್ರಿಗೂ ಗೊತ್ತಿರತ್ತಲ್ಲ. ಬಾಯಲ್ಲಿ ಏನು ಕಡುಬು ಇಟ್ಕೊಂಡಿದೀರಾ?”

“ಆಮೇಲೆ ಮಾಡ್ತೀನಿ ಅಕ್ಕ, ಕೌಂಟರಿಗೆ ಜನ ಬಂದಿದಾರೆ.”

ಆ ಹೊತ್ತಿನಲ್ಲಿ ಕೌಂಟರಿನಲ್ಲಿ ಜನ ಇರಲಿಲ್ಲ. ನೌಕರರು ಖಾಸಗಿ ಕರೆ ಮುಗಿಸಲು ಸಾರ್ವಜನಿಕರನ್ನು ನೆಪವಾಗಿ ಬಳಸತಕ್ಕದ್ದಲ್ಲ.

9. ಮೊದಲು ಹಾಜರಾದವರು ಯಾರೆಂದು ತಿಳಿಸುವಂತೆ ಇಬ್ಬರಿಂದಲೂ ಲಿಖಿತ ಹೇಳಿಕೆ ಪಡೆಯಲಾಗಿದೆ. ಆ ದಿನ ಹಾಜರಿ ವಹಿ ಬೀರುವಿನಲ್ಲಿತ್ತು, ಬೀರುವಿನ ಕೀಲಿಕೈ ಹನ್ನೊಂದಕ್ಕೆ ಬಂತು, ಅಷ್ಟರಲ್ಲಿ ಇಬ್ಬರೂ ಹಾಜರಿದ್ದರು, ಇದ್ದ ಒಂದು ಪೆನ್ನು ಕಿಟಕಿ ಪಕ್ಕದವರದು ಎಂಬಷ್ಟರಲ್ಲಿ ವಿವಾದವಿಲ್ಲ. ಸಹಿಯ ಕ್ರಮ ಬೇರೆ, ಬಂದ ಕ್ರಮ ಬೇರೆ ಎಂದು ನಿಯಮ ಸ್ಪಷ್ಟವಾಗಿದೆ.

ಕಿಟಕಿ ಪಕ್ಕದವರ ಹೇಳಿಕೆ: “ಹಾಜರಿ ವಹಿಯಲ್ಲಿ ನನ್ನ ಸಹಿ ಮೇಲಿದೆ.”

ಬಾಗಿಲ ಪಕ್ಕದವರ ಹೇಳಿಕೆ: “ಅವನನ್ನೇ ಕೇಳಿ. ಅವನಿಗೆ ಗೊತ್ತಿದೆ. ಅವನು ಹೇಳಿದಂತೆ ಆಗಲಿ.”

ಎರಡನೆಯ ಹೇಳಿಕೆ ಉತ್ತರವಲ್ಲ, ಪ್ರಶ್ನೆಯನ್ನು ಮುಂದಿನ ಮೇಜಿಗೆ ದಾಟಿಸುವುದು ಎಂದು ಆಕ್ಷೇಪಿಸಿ, ಅದೇ ಪ್ರಶ್ನೆಯನ್ನು ಕಿಟಕಿ ಪಕ್ಕದವರಿಗೆ ಮತ್ತೆ ಕಳುಹಿಸಲಾಯಿತು. ಹಾಳೆ ಅವರ ಮೇಜಿನ ಮೇಲೆ ಮೂರು ದಿನ ಇತ್ತು. ನಾಲ್ಕನೇ ದಿನ ‘ಮೇಲಿನಂತೆ’ ಎಂಬ ಷರಾದೊಂದಿಗೆ ಮರಳಿ ಬಂತು.

10. ನಕ್ಷೆಯ ನಕಲಿಗಾಗಿ ಕಾಯುವ ಸಾರ್ವಜನಿಕರು ತಾಳ್ಮೆಯಿಂದ ಸಹಕರಿಸತಕ್ಕದ್ದು. ಎರಡು ಕಂಪ್ಯೂಟರುಗಳಲ್ಲಿ ಒಂದು ಅರ್ಜಿ ದಾಖಲಿಸಲು, ಇನ್ನೊಂದು ನಕ್ಷೆ ತೆಗೆಯಲು ಇದ್ದು, ಎರಡೂ ಒಟ್ಟಿಗೆ ಸಂಪರ್ಕದಲ್ಲಿದ್ದರೆ ಮಾತ್ರ ನಕಲು ಹೊರಬರುತ್ತದೆ. ಹೀಗಾಗಿ ಕಳೆದ ಏಳು ವಾರಗಳಲ್ಲಿ ಕೊಟ್ಟ ನಕಲುಗಳ ಸಂಖ್ಯೆ ಸೊನ್ನೆ. ಗಾರೆ ಕೆಲಸದ ಒಬ್ಬ ಹೆಂಗಸು ಒಂಬತ್ತನೇ ಸಲ ಬಂದಿರುತ್ತಾರೆ. ಅವರ ಮನೆಯ ಪಕ್ಕದಲ್ಲಿ ಯಾರೋ ಪಾಯ ತೋಡುತ್ತಿದ್ದು, ಇವರ ಗೋಡೆ ಬಾಯಿ ಬಿಟ್ಟಿದೆ. ಭಾರ ಹೊರುವ ಗೋಡೆ ಯಾವುದು ಎಂದು ಹಳೆಯ ನಕ್ಷೆ ನೋಡಿ ಅದಕ್ಕೆ ಊರೆ, ಎಂದರೆ ಆಸರೆಯ ಕಂಬ, ಕೊಡಬೇಕಂತೆ. ಅವರು ಕೌಂಟರಿನಲ್ಲಿ ಹೇಳಿದ್ದು: “ನಿಮ್ಮಿಬ್ರಲ್ಲಿ ಯಾರು ದೊಡ್ಡೋರೋ ನಂಗೆ ಬೇಡಣ್ಣ. ಆ ಗೋಡೆ ಕೆಳಗೆ ನಮ್ಮತ್ತೆ ಮಲಗ್ತಾರೆ.” ಅವರಿಗೆ ಹತ್ತನೇ ಸಲ ಬರಲು ಸೂಚಿಸಲಾಗಿದೆ.

ಕಂಡಿಕೆ 10ರವರೆಗೆ ಟೈಪಾಗಿ ಸಹಿಗೆ ಕಾಯುತ್ತಿರುವಾಗ ಕೆಲವು ಬೆಳವಣಿಗೆಗಳಾಗಿದ್ದು, ಅವನ್ನು ಸೇರಿಸಲಾಗಿದೆ.

11. ಗುರುವಾರ ಬೆಳಿಗ್ಗೆ ಬಾಗಿಲ ಪಕ್ಕದ ಸಹಾಯಕರು ಹತ್ತು ಗಂಟೆಗೆ, ಎಂದರೆ ಕಚೇರಿಯ ಸಮಯಕ್ಕೆ, ಬಂದರು. ಆರೂವರೆಯಿಂದ ಕೂತಿದ್ದ ಕಿಟಕಿ ಪಕ್ಕದವರು ತಲೆಯೆತ್ತಲಿಲ್ಲ. ಗಾರೆ ಕೆಲಸದ ಹೆಂಗಸು ಕೌಂಟರಿನಲ್ಲಿ ನಿಂತಿದ್ದರು. ಬಾಗಿಲ ಪಕ್ಕದವರು ಚೀಲ ಕೆಳಗಿಟ್ಟು, ಕನ್ನಡಕ ಒರೆಸಿ ಹಾಕಿಕೊಂಡು, ತಮ್ಮ ಕಂಪ್ಯೂಟರಿನ ಐದನ್ನು ಅಳಿಸಿ ಆರು ಒತ್ತಿದರು. ಮೇಜಿನ ಕೆಳಗೆ ಹಳದಿ ದೀಪ ಮಿಣುಕಿತು. ರಿಪೇರಿಯವರು ಹೇಳಿದ ಎರಡು ನಿಮಿಷವೂ ಹಿಡಿಯಲಿಲ್ಲ. ಹತ್ತೂ ಹತ್ತಕ್ಕೆ ನಕ್ಷೆಯ ನಕಲು ಹೊರಬಂತು.

“ಇಷ್ಟೇನಾ?” ಎಂದರು ಹೆಂಗಸು.

“ಇಷ್ಟೇ ಕಣಮ್ಮ. ಈ ಅಡ್ಡಗೋಡೆ ಇದೆಯಲ್ಲ, ಇದಕ್ಕೆ ಊರೆ ಕೊಡಿ. ಅತ್ತೇನ ಇವತ್ತೇ ಆಚೆ ರೂಮಿಗೆ ಮಲಗಿಸಿ.”

ಆಮೇಲೆ ಕಿಟಕಿಯ ಕಡೆ ತಿರುಗಿ, “ಲೈನ್ ಬಂದಿದೆ, ಕೆಲಸ ನೋಡೋ” ಎಂದರು. ಕಿಟಕಿ ಪಕ್ಕದವರು ಕೆಲಸ ನೋಡಿದರು.

12. ಸದರಿ ನೌಕರರು ಆರನೇ ನಂಬರನ್ನು ಯಾರ ಒತ್ತಾಯವೂ ಇಲ್ಲದೆ ತೆಗೆದುಕೊಂಡಿರುವುದರಿಂದ, ತಾವು ಕಿರಿಯರೆಂದು ಒಪ್ಪಿಕೊಂಡಂತೆ ಭಾವಿಸಿ ಪಟ್ಟಿಯನ್ನು ಅಂತಿಮಗೊಳಿಸಲಾಗಿದೆ. ಆದೇಶಕ್ಕೆ ಸಹಿ ಮಾಡುವ ಮುನ್ನ ನಿರ್ದೇಶಕರು ಕಿಟಕಿ ಪಕ್ಕದವರನ್ನು ಕರೆಸಿ, “ನಿಮ್ಮದೇನಾದ್ರೂ ಹೇಳೋದಿದೆಯಾ?” ಎಂದು ಕೇಳಿದರು. ಮೇಜಿನ ಮೇಲೆ ಪೆನ್ನು ಮುಚ್ಚಳ ತೆಗೆದೇ ಇತ್ತು.

“ಸುತ್ತೋಲೆ ಸಿದ್ಧವಾಗಿದೆ ಸಾರ್” ಎಂದರು ಕಿಟಕಿ ಪಕ್ಕದವರು.

13. ಕಿಟಕಿ ಪಕ್ಕದವರು ಅಧೀಕ್ಷಕರಾಗಿ ನಾಲ್ಕನೇ ನಂಬರಿಗೆ ಹೋದ ಕಾರಣ ಐದು ಖಾಲಿಯಾಗಿದೆ. ಅದನ್ನು ತೆಗೆದುಕೊಳ್ಳಲು ಬಾಗಿಲ ಪಕ್ಕದವರನ್ನು ಕೇಳಲಾಗಿ, “ಆರು ಚೆನ್ನಾಗಿ ಓಡ್ತಿದೆ, ಇರಲಿ ಬಿಡಿ” ಎಂದು ತಿಳಿಸಿದ್ದಾರೆ. ಏಳು ವಾರ ಇಡೀ ಕಚೇರಿಯನ್ನು ಬೆಳಗಿನ ಜಾವ ಎಬ್ಬಿಸಿದ ನಂಬರು ಸದ್ಯ ಯಾರಿಗೂ ಬೇಡವಾಗಿದೆ.

14. ಬಾಗಿಲ ಪಕ್ಕದ ಸಹಾಯಕರು ಸೋಮವಾರದಿಂದ ಹೊಸ ಅಧೀಕ್ಷಕರನ್ನು “ಸಾರ್” ಎಂದೂ “ನೀವು” ಎಂದೂ ಸಂಬೋಧಿಸತೊಡಗಿದ್ದಾರೆ. ದನಿಯಲ್ಲಿ ಕೊಂಕು ಇದೆಯೇ ಎಂದು ಗಮನಿಸಲಾಗಿದ್ದು, ಇಲ್ಲ. ಹಾಗೆ ಕರೆಯಬೇಕೆಂದು ಯಾರೂ ಸೂಚಿಸಿಲ್ಲ. ಬೇಡ ಎಂದೂ ಯಾರೂ ಸೂಚಿಸಿಲ್ಲ.

15. ಈ ಸುತ್ತೋಲೆ ಬರುವ ಹೊತ್ತಿಗೆ ಎಲ್ಲ ಕಾರ್ಡುಗಳೂ ಸಂಪರ್ಕದಲ್ಲಿರುವುದರಿಂದ, ಕಂಡಿಕೆ 1ರಿಂದ 10ನ್ನು ಪಾಲಿಸುವ ಅಗತ್ಯ ಬೀಳುವುದಿಲ್ಲ. ಆದರೂ ತಪ್ಪದೆ ಪಾಲಿಸತಕ್ಕದ್ದು.

(ಸಹಿ)
ಅಧೀಕ್ಷಕರು,
ನಕ್ಷೆ ನಕಲು ಶಾಖೆ
(ನಿರ್ದೇಶಕರಿಂದ ಅನುಮೋದಿತ)

ಪ್ರತಿಗಳು:
1. ನಿರ್ದೇಶಕರಿಗೆ, ಒಂದನೇ ನಂಬರನ್ನು ಖಾಲಿ ಇಟ್ಟಿರುವುದನ್ನು ಖಾತರಿಪಡಿಸಿ.
2. ಲೆಕ್ಕಾಧಿಕಾರಿಗಳಿಗೆ, ಎತ್ತು ಮತ್ತು ಎಮ್ಮೆಯ ಸ್ಪಷ್ಟೀಕರಣವನ್ನು ಇನ್ನೂ ಕಳುಹಿಸಿಲ್ಲವೆಂಬ ನೆನಪೋಲೆಯೊಂದಿಗೆ.
3. ಉಗ್ರಾಣಕ್ಕೆ, ಅರ್ಧ ರಬ್ಬರು ಎರಡನ್ನು ಸೇರಿಸಿ ಒಂದೆಂದು ಜಮಾ ಮಾಡಿಕೊಳ್ಳಲು.
4. ಕಾವಲುಗಾರರಿಗೆ, ಇನ್ನು ಮಲಗಬಹುದೆಂದು.
5. ಕಾರ್ಡು ತಯಾರಕರಿಗೆ, ಅರ್ಧ ನಂಬರಿನ ಕೋರಿಕೆ ಊರ್ಜಿತದಲ್ಲಿದೆ.
6. ಬಾಗಿಲ ಪಕ್ಕದ ಸಹಾಯಕರಿಗೆ, ಖುದ್ದು ತಲುಪಿಸಿ ಸ್ವೀಕೃತಿ ಪಡೆಯಲು.
7. ಕಚೇರಿ ಪ್ರತಿ.

ಆರನೇ ಪ್ರತಿಯನ್ನು ಅಧೀಕ್ಷಕರೇ ತೆಗೆದುಕೊಂಡು ಹೋದರು. ಬಾಗಿಲ ಪಕ್ಕದವರು ಹದಿನೈದೂ ಕಂಡಿಕೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಸಹಿ ಹಾಕಿ, “ಚೆನ್ನಾಗಿ ಬರೆದಿದೀರಿ ಸಾರ್” ಎಂದು ಹಾಳೆ ಹಿಂದಕ್ಕೆ ಕೊಟ್ಟರು. ಅಧೀಕ್ಷಕರು ಹಾಳೆಯನ್ನು ಕಡತಕ್ಕೆ ಸೇರಿಸಿದರು. ಇಪ್ಪತ್ತೊಂದು ವರ್ಷದ ಹಿಂದಿನ ಆ ಬೆಳಿಗ್ಗೆ ತಾನು ಮೆಟ್ಟಿಲು ಹತ್ತಿ ಬಂದಾಗ ಭಾವ ಆಗಲೇ ಬಂದು ಕಾಯುತ್ತಿದ್ದರು ಎಂಬುದನ್ನು ಅವರು ಯಾರಿಗೂ ಹೇಳಲಿಲ್ಲ.